ಪದಕಕ್ಕಿಂತ ಮುಂಚೆ ಬೇಕಾದ ಹಣ

ಘಟಿಕೋತ್ಸವದ ಮರುದಿನ ಮೈಸೂರಿನ ಪತ್ರಿಕೆಗಳ ಮುಖಪುಟ ಹೇಗಿರುತ್ತದೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಗೌನು ತೊಟ್ಟ ಹುಡುಗಿ, ಕೊರಳು ಕಾಣದಷ್ಟು ಪದಕ, ಒಂದು ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ತಂದೆ, ಇನ್ನೊಂದು ಪಕ್ಕದಲ್ಲಿ ಹೊಸ ಸೀರೆಯ ತಾಯಿ. ಮೇಲೆ ದಪ್ಪ ಅಕ್ಷರದಲ್ಲಿ ‘ಚಿನ್ನದ ಹುಡುಗಿ’. ತಂದೆ ಕೂಲಿ ಮಾಡುವವರು ಎಂದಿದ್ದರೆ ಆ ಫೋಟೊವನ್ನು ಎರಡು ಸಲ ನೋಡುತ್ತೇನೆ. ಆದರೆ ಬ್ಯಾಂಕಿನ ಠೇವಣಿ ವಿಭಾಗದಲ್ಲಿ ಅರ್ಧ ಆಯುಸ್ಸು ಕಳೆದು ನಿವೃತ್ತಳಾದವಳಿಗೆ ಒಂದು ಚಾಳಿ ಬಿಟ್ಟುಹೋಗುವುದಿಲ್ಲ. ಆ ಪದಕಗಳನ್ನು ಇಟ್ಟವರು ಯಾರು, ಯಾವ ವರ್ಷ ಎಷ್ಟು ಹಣ ಕಟ್ಟಿದರು, ಈಗ ಅದಕ್ಕೆ ಬಡ್ಡಿ ಎಷ್ಟು ಬರುತ್ತಿದೆ ಎಂಬ ಕಡೆಗೇ ಮನಸ್ಸು ಹೋಗುತ್ತದೆ.

ಪ್ರತಿಯೊಂದು ಪದಕದ ಹಿಂದೆಯೂ ಒಂದು ದತ್ತಿ ಇರುತ್ತದೆ. ಹಳೆಯ ವಿದ್ಯಾರ್ಥಿಯೋ, ನಿವೃತ್ತ ಪ್ರಾಧ್ಯಾಪಕರೋ, ತೀರಿಕೊಂಡ ತಂದೆಯ ಹೆಸರು ಉಳಿಯಲಿ ಎಂದು ಬಯಸುವ ಮಕ್ಕಳೋ ವಿಶ್ವವಿದ್ಯಾಲಯಕ್ಕೆ ಒಂದು ಮೊತ್ತ ಕಟ್ಟುತ್ತಾರೆ. ಮೂಲಧನವನ್ನು ಮುಟ್ಟುವಂತಿಲ್ಲ, ಅದರ ಬಡ್ಡಿಯಲ್ಲಿ ವರ್ಷವರ್ಷವೂ ಪದಕವನ್ನೋ ನಗದು ಬಹುಮಾನವನ್ನೋ ಕೊಡಬೇಕು. ಒಂದು ಲೆಕ್ಕ ಹಾಕಿ ನೋಡೋಣ. 1990ರಲ್ಲಿ ಯಾರೋ 10,000 ರೂಪಾಯಿ ಇಟ್ಟರು ಎನ್ನಿ. ಆಗ ಶೇ 10ರಂತೆ ವರ್ಷಕ್ಕೆ 1,000 ರೂಪಾಯಿ ಬಡ್ಡಿ. ಹತ್ತು ಗ್ರಾಂ ಚಿನ್ನದ ಬೆಲೆ ಸುಮಾರು 3,200. ಮೂರು ಗ್ರಾಮಿನ ಪದಕಕ್ಕೆ ಮೋಸವಿಲ್ಲ. 2024ರಲ್ಲಿ ಹತ್ತು ಗ್ರಾಂ ಚಿನ್ನ 70,000 ರೂಪಾಯಿಯನ್ನು ದಾಟಿತು. ಬಡ್ಡಿ ಶೇ 6.5 ಎಂದುಕೊಂಡರೂ ಕೈಗೆ ಸಿಗುವುದು 650 ರೂಪಾಯಿ. ಅದರಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಭಾಗವೂ ಬರುವುದಿಲ್ಲ. ಹಳೆಯ ದತ್ತಿಯ ಪದಕ ಚಿನ್ನದ ಲೇಪಕ್ಕೆ ಇಳಿದರೆ ಅದರಲ್ಲಿ ಯಾರ ಕೈವಾಡವೂ ಇರಬೇಕಾಗಿಲ್ಲ. ಬಡ್ಡಿ ಮತ್ತು ಬೆಲೆಯ ಲೆಕ್ಕವೇ ಅಲ್ಲಿಗೆ ತಂದು ನಿಲ್ಲಿಸುತ್ತದೆ.

ಆದರೆ ನನ್ನ ತಕರಾರು ಚಿನ್ನದ ಬಗ್ಗೆ ಅಲ್ಲ. ದತ್ತಿಗಳ ಷರತ್ತುಗಳನ್ನು ಓದಿ ನೋಡಿ. ಇಂಥ ವಿಷಯದಲ್ಲಿ ಪ್ರಥಮ ಸ್ಥಾನ, ಇಂಥ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ, ವಿದ್ಯಾರ್ಥಿನಿಯರಲ್ಲಿ ಪ್ರಥಮ, ಮೊದಲ ಯತ್ನದಲ್ಲೇ ಪ್ರಥಮ. ಹತ್ತು ಮನೆಯವರು ಬೇರೆ ಬೇರೆ ಕಾಲದಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಟ್ಟ ಹಣವೆಲ್ಲ ಸೇರಿ ಒಂದೇ ಕೊರಳಿಗೆ ಬೀಳುತ್ತದೆ. ಅದೂ ಯಾವಾಗ? ಅವಳು ಪರೀಕ್ಷೆ ಬರೆದು, ಹಾಸ್ಟೆಲ್ ಖಾಲಿ ಮಾಡಿ, ಬಿ.ಇಡಿ.ಗೆ ಸೇರಿಯೋ ಖಾಸಗಿ ಶಾಲೆಯೊಂದರಲ್ಲಿ ಕೆಲಸ ಹಿಡಿದೋ ತಿಂಗಳುಗಳಾದ ಮೇಲೆ. ಓಟ ಮುಗಿಸಿದವರಿಗೆ ಮಾತ್ರ ನೀರು ಕೊಟ್ಟ ಹಾಗೆ. ಎರಡನೆಯ ಸೆಮಿಸ್ಟರಿನಲ್ಲಿ ಕಾಲೇಜು ಬಿಟ್ಟು ಗಾರ್ಮೆಂಟ್ಸ್‌ಗೆ ಸೇರಿದವಳ ಹೆಸರು ಯಾವ ಘಟಿಕೋತ್ಸವದ ಪಟ್ಟಿಯಲ್ಲೂ ಬರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಪದಕದ ಬೆಲೆಗಿಂತ ಕಡಿಮೆ ಹಣವಾಗಿದ್ದಿರಬಹುದು.

ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲೇಜಿಗೆ ಕೊಡುವ ಹಣದ ಬಗ್ಗೆ ನನಗೆ ಹೇಳಬೇಕೆನಿಸುವುದು ಇಷ್ಟು. ಅದು ಬೇಗ ಬರಬೇಕು. ಅಂಕಪಟ್ಟಿಯನ್ನು ಕೇಳದೆ ಬರಬೇಕು.

ಮೈಸೂರಿಗೆ ಇದೇನೂ ಗೊತ್ತಿಲ್ಲದ ವಿದ್ಯೆಯಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಓದಲು ಈ ಊರಿಗೆ ಬಂದ ಎಷ್ಟೋ ಹುಡುಗರು ವಾರಾನ್ನದಲ್ಲಿ ಬೆಳೆದವರು. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು ಮನೆಯಲ್ಲಿ. ಏಳು ಮನೆ ಗೊತ್ತಾಗದಿದ್ದರೆ ವಾರದಲ್ಲಿ ಒಂದೆರಡು ದಿನ ಏಕಾದಶಿ. ಊಟ ಬಡಿಸುವ ಗೃಹಿಣಿ ಹುಡುಗನ ಅಂಕ ಎಷ್ಟೆಂದು ಕೇಳುತ್ತಿರಲಿಲ್ಲ. ಜಾತಿ ಯಾವುದೆಂದು ಮಾತ್ರ ಖಂಡಿತ ಗೊತ್ತುಮಾಡಿಕೊಳ್ಳುತ್ತಿದ್ದರು. ಹಾಗಾಗಿ ವಾರಾನ್ನವನ್ನು ನೆನೆದು ಕಣ್ಣೀರು ಹಾಕುವವರ ಜೊತೆ ನಾನು ಪೂರ್ತಿ ಸೇರುವುದಿಲ್ಲ. ಆ ಏಳು ಮನೆಗಳ ಬಾಗಿಲು ತೆರೆಯುತ್ತಿದ್ದದ್ದು ಕೆಲವರಿಗೆ ಮಾತ್ರ. ಆ ಬಾಗಿಲುಗಳ ಹೊರಗೆ ಉಳಿದವರಿಗಾಗಿ ಒಂದೊಂದು ಸಮುದಾಯವೂ ತನ್ನ ತನ್ನ ವಿದ್ಯಾರ್ಥಿನಿಲಯವನ್ನು ಕಟ್ಟಿಕೊಳ್ಳಬೇಕಾಯಿತು.

ಆದರೂ ಈ ಊರಿನ ಬೀದಿಗಳಲ್ಲಿ ನಡೆದರೆ ಕೊಟ್ಟವರ ಹೆಸರು ಕಾಲಿಗೆ ತೊಡರುತ್ತದೆ. ಅರಮನೆಯ ಗುರಿಕಾರರಾಗಿದ್ದ ಮರಿಮಲ್ಲಪ್ಪನವರು ಬಿಟ್ಟುಹೋದ ಹಣದಿಂದ 1876ರಲ್ಲಿ ಶಾಲೆಯೊಂದು ಹುಟ್ಟಿತು. ಅದರ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು, ಊರಿಗೆಲ್ಲ ತಾತಯ್ಯ, ಬಡ ವಿದ್ಯಾರ್ಥಿಗಳಿಗೆ ಅನ್ನ ಮತ್ತು ವಸತಿ ಸಿಗಲೆಂದು ಅನಾಥಾಲಯವನ್ನು ಕಟ್ಟಿದರು. ವ್ಯಾಪಾರಿ ಡಿ. ಬನುಮಯ್ಯನವರ ಹೆಸರಿನಲ್ಲಿ ಇಂದಿಗೂ ಕಾಲೇಜು ನಡೆಯುತ್ತಿದೆ. 1916ರಲ್ಲಿ ಆರಂಭವಾದ ವಿಶ್ವವಿದ್ಯಾಲಯದ ಆಡಳಿತ ಕಚೇರಿಗೆ ಕ್ರಾಫರ್ಡ್ ಹಾಲ್ ಎಂಬ ಹೆಸರು ಬಂದದ್ದು ದೇಣಿಗೆ ಕೊಟ್ಟ ಕಾಫಿ ತೋಟದ ಸಾಹೇಬರೊಬ್ಬರಿಂದ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಉಚಿತ ವಿದ್ಯಾರ್ಥಿನಿಲಯದ ಮಕ್ಕಳ ಊಟಕ್ಕೆ ಹಣ ಸಾಲದಾದಾಗ ಇಷ್ಟಲಿಂಗವನ್ನಿಡುವ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಹಿರಿಯರು ಹೇಳುತ್ತಾರೆ. ಕುವೆಂಪು ಅವರು ವಿದ್ಯಾರ್ಥಿಯಾಗಿದ್ದಾಗ ಇರಲು ಜಾಗ ಕೊಟ್ಟದ್ದು ರಾಮಕೃಷ್ಣಾಶ್ರಮ. ಅದೇ ಹುಡುಗ 1956ರಲ್ಲಿ ವಿಶ್ವವಿದ್ಯಾಲಯದ ಉಪಕುಲಪತಿಯಾಗಿ, ಮುಂದೆ ಅದರ ಆವರಣವಾದ ಮಾನಸಗಂಗೋತ್ರಿಗೆ ಹೆಸರನ್ನೂ ಇಟ್ಟರು.

ಇವರಲ್ಲಿ ಹೆಚ್ಚಿನವರು ತಾವು ಕಟ್ಟಿದ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲ ಎಂಬುದು ಬೇರೆ ಮಾತು. ಆಗ ಓದಿದವರೇ ಕಡಿಮೆ. ಈಗ ಹಾಗಲ್ಲ. ಮೈಸೂರು, ಮಂಡ್ಯಗಳಲ್ಲಿ ಪದವಿ ಪಡೆದು ಸಂಬಳದ ಕೆಲಸದಲ್ಲಿರುವ ಮನೆ ಬೀದಿಗೆ ನಾಲ್ಕು ಸಿಗುತ್ತದೆ.

ಇಷ್ಟು ಹೇಳಿದರೆ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ: ಈಗ ಸರಕಾರವೇ ಎಲ್ಲ ಕೊಡುತ್ತಿದೆಯಲ್ಲ, ಮತ್ತೆ ನಮ್ಮ ಹಣ ಯಾಕೆ? ಕೊಡುತ್ತಿದೆ, ನಿಜ. ಹಾಸ್ಟೆಲ್‌ಗಳಿವೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಎಂಬ ಸರಕಾರಿ ಯೋಜನೆಯಲ್ಲಿ ಊಟ, ವಸತಿಗೆಂದು ವರ್ಷಕ್ಕೆ ಹತ್ತು ತಿಂಗಳ ನೆರವಿದೆ. ಶುಲ್ಕ ಮರುಪಾವತಿ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರಕಾರಿ ಬಸ್ಸು ಉಚಿತ. ಇವೆಲ್ಲ ಇಲ್ಲದಿದ್ದರೆ ನಾನು ಓದಿದ ಕಾಲೇಜಿನ ಅರ್ಧ ಬೆಂಚು ಖಾಲಿ ಇರುತ್ತಿತ್ತು ಎಂದು ನನಗೆ ಅನುಮಾನವಿಲ್ಲದೆ ಗೊತ್ತು. ತೊಂದರೆ ಇರುವುದು ಹಣದ ಮೊತ್ತದಲ್ಲಿ ಅಲ್ಲ, ಅದು ಬರುವ ದಿನಾಂಕದಲ್ಲಿ. ವಿದ್ಯಾರ್ಥಿವೇತನ ಮಂಜೂರಾಗಿರುತ್ತದೆ, ಆದರೆ ಆಧಾರ್ ಜೋಡಣೆಯಾಗಿರುವುದು ಹುಡುಗಿ ಹೈಸ್ಕೂಲಿನಲ್ಲಿದ್ದಾಗ ತೆರೆದು ಮರೆತ ಖಾತೆಗೆ. ಆ ಖಾತೆ ವಹಿವಾಟಿಲ್ಲದೆ ನಿಷ್ಕ್ರಿಯವಾಗಿದೆ. ಅದನ್ನು ಎಬ್ಬಿಸಲು ದಾಖಲೆ ಹಿಡಿದು ಬ್ಯಾಂಕಿಗೆ ಅಲೆಯಬೇಕು. ಹೆಸರಿನ ಒಂದು ಅಕ್ಷರ ಅಂಕಪಟ್ಟಿಯಲ್ಲೊಂದು ರೀತಿ, ಆಧಾರ್‌ನಲ್ಲೊಂದು ರೀತಿ. ಇದೆಲ್ಲ ಸರಿಹೋಗುವ ಹೊತ್ತಿಗೆ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಕಳೆದು, ದಂಡಸಹಿತ ಕಟ್ಟುವ ದಿನವೂ ಹತ್ತಿರ ಬಂದಿರುತ್ತದೆ. ಆ ಹದಿನೈದು ದಿನಗಳ ನಡುವೆ ಬೇಕಾಗುವ ಒಂದೆರಡು ಸಾವಿರ ರೂಪಾಯಿಗೆ ಯಾವ ಯೋಜನೆಯಲ್ಲೂ ಕಾಲಂ ಇಲ್ಲ.

ಇನ್ನೊಂದು ಗುರುತು ನಾನು ಅಧ್ಯಾಪಕರಿಂದ ಕಲಿತದ್ದು. ಅಧ್ಯಯನ ಪ್ರವಾಸದ ಪಟ್ಟಿ ಹಾಕಿದಾಗ ಯಾರಿಗೆ ಇದ್ದಕ್ಕಿದ್ದಂತೆ ಅಕ್ಕನ ಮದುವೆ ಬರುತ್ತದೆ, ಯಾರ ಅಜ್ಜಿಗೆ ಹುಷಾರು ತಪ್ಪುತ್ತದೆ ಎಂದು ಗಮನಿಸಿ. ಇತಿಹಾಸದ ವಿದ್ಯಾರ್ಥಿಗಳು ಹಂಪಿಗೆ ಹೊರಡುತ್ತಾರೆ, ಸಸ್ಯಶಾಸ್ತ್ರದವರು ಪಶ್ಚಿಮ ಘಟ್ಟಕ್ಕೆ. ತರಗತಿಯಲ್ಲಿ ವಿರೂಪಾಕ್ಷ ದೇವಾಲಯದ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಬರೆಯುವ ಹುಡುಗ ಬಸ್ಸು ಹೊರಡುವಾಗ ಇರುವುದಿಲ್ಲ. ಬಂದ ಮೇಲೆ ಉಳಿದವರ ಮೊಬೈಲಿನಲ್ಲಿ ಫೋಟೊ ನೋಡಿ ವರದಿ ಬರೆಯುತ್ತಾನೆ. ಹಣವಿಲ್ಲ ಎಂದು ಇಪ್ಪತ್ತು ವರ್ಷದ ಹುಡುಗ ಬಾಯಿ ಬಿಟ್ಟು ಹೇಳುವುದಿಲ್ಲ. ಅಜ್ಜಿಗೆ ಜ್ವರ ಬರಿಸುವುದೇ ಅವನಿಗೆ ಸುಲಭ.

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ನಿಧಿ ಹುಟ್ಟಿದ್ದು ಯಾವ ಮಹಾ ಸಂಕಲ್ಪದಿಂದಲೂ ಅಲ್ಲ, ಗುರುವಂದನೆಯ ಊಟದ ಉಳಿಕೆ ಹಣದಿಂದ. ಗುರುವಂದನೆ ಎಂಬುದು ಈಗ ನಮ್ಮ ಕಡೆ ಒಂದು ಹಬ್ಬ. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಒಟ್ಟಿಗೆ ಓದಿದವರು ವಾಟ್ಸ್ಆ್ಯಪ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು, ಕಲ್ಯಾಣಮಂಟಪ ಹಿಡಿದು, ಬದುಕಿರುವ ಗುರುಗಳನ್ನೆಲ್ಲ ಕರೆಸಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಂದು ಮೈತುಂಬ ಹೊದಿಸಿ, ಒಬ್ಬಟ್ಟಿನ ಊಟ ಹಾಕಿಸಿ ಕಳಿಸುತ್ತಾರೆ. ನಾನು ಇದನ್ನು ಹಾಸ್ಯ ಮಾಡುತ್ತಿಲ್ಲ. ಎಂಬತ್ತು ದಾಟಿದ ಮೇಷ್ಟರೊಬ್ಬರು ಹಾಜರಿ ಪುಸ್ತಕದ ಕ್ರಮದಲ್ಲೇ ನಮ್ಮ ಹೆಸರುಗಳನ್ನು ಹೇಳಿದಾಗ ನಾನೂ ಮೂಗು ಒರೆಸಿಕೊಂಡವಳೇ. ಆದರೆ ಆ ದಿನ ಒಟ್ಟಾಗುವ ಹಣದಲ್ಲಿ ಫ್ಲೆಕ್ಸ್‌ಗೆ, ಹೂವಿಗೆ, ಸ್ಮರಣಿಕೆಗೆ ಹೋಗುವ ಪಾಲು ನೋಡಿದರೆ ಬ್ಯಾಂಕಿನವಳ ಕೈ ತುರಿಸುತ್ತದೆ. ನಮ್ಮ ಸಲ ಅಡುಗೆಯವರ ಲೆಕ್ಕ ಮುಗಿದ ಮೇಲೆ ಒಂದಿಷ್ಟು ಹಣ ಉಳಿಯಿತು. ಇನ್ನೊಂದು ಸಲ ಸೇರೋಣ ಎಂದರು ಕೆಲವರು. ಪಾಂಡವಪುರದ ಕಡೆಯ ಒಬ್ಬ ನಿವೃತ್ತ ಹೆಡ್ಮಾಸ್ಟರು ಎದ್ದು ನಿಂತು, “ಉಂಡದ್ದಾಯಿತು, ಇನ್ನು ಉಣ್ಣದವರ ಕಡೆ ನೋಡೋಣ” ಎಂದರು. ಆಮೇಲೆ ಸಂಘವನ್ನು ನೋಂದಾಯಿಸಿ, ಖಜಾಂಚಿ ಯಾರಾಗಬೇಕೆಂಬ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಬ್ಯಾಂಕಿನಲ್ಲಿದ್ದವರಿಗೆ ಈ ಶಿಕ್ಷೆ ತಪ್ಪಿದ್ದಲ್ಲ.

ನಮ್ಮ ದಾನಿಗಳು ಯಾರು? ಶಾಲಾ ಶಿಕ್ಷಕರು, ಗುಮಾಸ್ತರು, ಇಬ್ಬರು ವಕೀಲರು, ಔಷಧಿ ಅಂಗಡಿಯವರು, ಕಬ್ಬು ಬೆಳೆದು ಕಾರ್ಖಾನೆಯ ಹಣಕ್ಕೆ ಕಾಯುವವರು. ಪತ್ರಿಕೆಯಲ್ಲಿ ಬರುವ ದೇಣಿಗೆಯ ಸುದ್ದಿ ಬೇರೆಯೇ ಲೋಕದ್ದು. 2023ರಲ್ಲಿ ನಂದನ್ ನಿಲೇಕಣಿಯವರು ತಾವು ಓದಿದ ಐಐಟಿ ಬಾಂಬೆಗೆ, ಅಲ್ಲಿಗೆ ಸೇರಿ ಐವತ್ತು ವರ್ಷವಾದ ನೆನಪಿಗೆ, 315 ಕೋಟಿ ರೂಪಾಯಿ ಕೊಟ್ಟರು. ಮರುವರ್ಷ ಐಐಟಿ ಮದ್ರಾಸಿಗೆ ಅದರ ಹಳೆಯ ವಿದ್ಯಾರ್ಥಿ ಕೃಷ್ಣ ಚಿವುಕುಲ ಅವರಿಂದ 228 ಕೋಟಿ ಬಂತು. ದೊಡ್ಡ ಮನಸ್ಸು, ಒಪ್ಪಿಕೊಳ್ಳೋಣ. ಆದರೆ ಹಣ ಹುಟ್ಟುವ ಕಡೆ ಓದಿದವರ ಕಾಲೇಜಿಗೇ ಹಣ ಹರಿಯುತ್ತದೆ ಎಂಬುದೂ ಇದರಲ್ಲಿ ಕಾಣುತ್ತದೆ. ಮೈಸೂರಿನಲ್ಲೇ ನೋಡಿ, ಇಂಜಿನಿಯರಿಂಗ್ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು ಕ್ಯಾಲಿಫೋರ್ನಿಯಾದಲ್ಲೂ ಸಭೆ ಸೇರಬಲ್ಲರು. ಬಿ.ಎ. ಓದಿದ ನಮ್ಮವರು ಕೆ.ಆರ್. ನಗರದಲ್ಲೋ ಮಳವಳ್ಳಿಯಲ್ಲೋ ಇದ್ದಾರೆ. ಅವರು ತಿಂಗಳಿಗೆ ಕೊಡುವ ಇನ್ನೂರು ಐನೂರು ರೂಪಾಯಿಯಲ್ಲಿ ಕಟ್ಟಡ ಏಳುವುದಿಲ್ಲ. ಏಳಬೇಕಾಗಿಯೂ ಇಲ್ಲ. ಮೇಲೆ ಹೇಳಿದ ಆ ಹದಿನೈದು ದಿನಗಳಿಗೆ ಅದು ಸಾಕು.

ಸಣ್ಣ ಹಣದ ದಾನಿಗಳಿಗೆ ಹೆಸರಿನ ಆಸೆ ಇರುವುದಿಲ್ಲವೆಂದುಕೊಳ್ಳಬೇಡಿ. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟ್ ನೋಡಿದ್ದೀರಲ್ಲ, ದಾನಿಯ ಹೆಸರು, ತಂದೆಯ ಹೆಸರು, ಊರು, ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬರೆದು ಕೊನೆಗೆ ಬೆಳಕಿಗೇ ಜಾಗವಿರುವುದಿಲ್ಲ. ಕಾಲೇಜುಗಳೂ ಇದಕ್ಕೆ ಹೊರತಲ್ಲ. ಒಂದು ಕಾಲೇಜಿನಲ್ಲಿ (ಯಾವುದೆಂದು ಕೇಳಬೇಡಿ) ಹಳೆಯ ವಿದ್ಯಾರ್ಥಿಗಳು ಕೊಟ್ಟ ಒಳ್ಳೆಯ ಪುಸ್ತಕಗಳು ಹಳೆಯ ವಿದ್ಯಾರ್ಥಿಗಳೇ ಕೊಟ್ಟ ಕಬ್ಬಿಣದ ಬೀರುವಿನಲ್ಲಿ ವರ್ಷಗಟ್ಟಲೆ ಬೀಗ ಹಾಕಿಕೊಂಡು ಕುಳಿತಿದ್ದವು. ಗ್ರಂಥಾಲಯದ ದಾಖಲೆ ಪುಸ್ತಕಕ್ಕೆ ಅವು ಏರಿರಲಿಲ್ಲ, ಏರದ ಪುಸ್ತಕವನ್ನು ಹೊರಗೆ ಕೊಡುವಂತಿಲ್ಲ. ಬೀರುವಿನ ಮೇಲೆ ದಾನಿಗಳ ಹೆಸರು ಮಾತ್ರ ಹೊಳೆಯುತ್ತಿತ್ತು. ಇಂಥದ್ದನ್ನು ನೋಡಿದ ಮೇಲೆ ನಮ್ಮ ಸಭೆಯಲ್ಲಿ ವಸ್ತುರೂಪದ ದೇಣಿಗೆ ಬೇಡ, ಹಣವೇ ಇರಲಿ, ಹಣಕ್ಕೆ ಷರತ್ತೂ ಬೇಡ ಎಂದು ಹಟ ಹಿಡಿದೆ. ಕೆಲವರು ಮುನಿಸಿಕೊಂಡರು. ತಾಯಿಯ ಹೆಸರಿನಲ್ಲಿ ವಾಟರ್ ಫಿಲ್ಟರ್ ಕೊಡುತ್ತೇನೆ ಎಂದವರು ಇಂದಿಗೂ ನನ್ನ ಜೊತೆ ಸರಿಯಾಗಿ ಮಾತನಾಡುವುದಿಲ್ಲ.

ನಿಜವಾದ ಜಗಳ ನಡೆದದ್ದು ನಾಟಕದ ವಿಷಯದಲ್ಲಿ. ಅಂತರಕಾಲೇಜು ಸ್ಪರ್ಧೆಗೆ ನಾಟಕ ಕಟ್ಟುತ್ತೇವೆ, ನೆರವು ಬೇಕು ಎಂದು ವಿದ್ಯಾರ್ಥಿಗಳು ಬರೆದುಕೊಟ್ಟರು. ಬಾಡಿಗೆ ವೇಷಭೂಷಣ, ಪ್ರಸಾಧನ, ಬೆಳಕು, ರಂಗಸಜ್ಜಿಕೆ ಸಾಗಿಸಲು ಒಂದು ಟೆಂಪೊ. ಒಬ್ಬ ಹಿರಿಯ ಸದಸ್ಯರು ಪತ್ರವನ್ನು ಮಡಿಸಿ ಇಟ್ಟು, “ನೋಡಿ ಮೇಡಂ, ಓದುವುದಕ್ಕೆ ಕೊಡೋಣ. ಕುಣಿಯುವುದಕ್ಕೆ ಯಾಕೆ ಕೊಡಬೇಕು?” ಎಂದರು. ಮಂಡ್ಯದ ವಕೀಲರಿಗೆ ರೇಗಿತು. “ಸಾರ್, ನಾನು ಕೋರ್ಟಿನಲ್ಲಿ ನಿಂತು ಮಾತನಾಡುತ್ತಿರುವುದು ಯಾವ ಪಠ್ಯಪುಸ್ತಕ ಓದಿ? ಎನ್ಎಸ್ಎಸ್ ಶಿಬಿರದಲ್ಲಿ ಊರವರ ಮುಂದೆ ನಿಲ್ಲಿಸಿ ಮಾತನಾಡಿಸಿದರಲ್ಲ, ಅಲ್ಲಿ ಕಲಿತದ್ದು” ಎಂದರು. ಮಂಡ್ಯದವರಿಗೆ ಈ ವಿಷಯದಲ್ಲಿ ಸಿಟ್ಟು ಬೇಗ ಬರುತ್ತದೆ, ಅದಕ್ಕೆ ಕಾರಣವೂ ಇದೆ. ಅಲ್ಲಿ ಕಾಲೇಜುಗಳನ್ನು ಕಟ್ಟಿದ ಕೆ.ವಿ. ಶಂಕರಗೌಡರು ನಾಟಕದ ಹುಚ್ಚು ಹತ್ತಿಸಿಕೊಂಡಿದ್ದವರು. ಶಾಲೆ ಬೇರೆ, ರಂಗ ಬೇರೆ ಎಂದುಕೊಂಡವರಲ್ಲ.

ಕೊನೆಗೆ ಹಣ ಮಂಜೂರಾಯಿತು. ಆದರೆ ತಾಲೀಮು ಶುರುವಾದ ಮೇಲೆ ಗೊತ್ತಾದದ್ದೇನೆಂದರೆ, ಆ ಪತ್ರದಲ್ಲಿ ಬರೆದ ಯಾವ ಖರ್ಚೂ ಮುಖ್ಯ ಖರ್ಚಾಗಿರಲಿಲ್ಲ. ತಾಲೀಮು ಸಂಜೆ ನಾಲ್ಕೂವರೆಗೆ ಆರಂಭವಾಗಿ ಏಳೂವರೆಗೆ ಮುಗಿಯುತ್ತದೆ. ಶ್ರೀರಂಗಪಟ್ಟಣದಾಚೆಯ ಹಳ್ಳಿಯಿಂದ ಬರುವ ಹುಡುಗಿಗೆ ಊರಿನ ಕೊನೆಯ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ. ಬಸ್ಸು ಉಚಿತ, ಆದರೆ ಬಸ್ಸೇ ಇಲ್ಲ. ರೈಲು ಹಿಡಿದು ಮಂಡ್ಯದವರೆಗೆ ಹೋಗಬಹುದು, ಅಲ್ಲಿಂದ ಮುಂದೆ? ಅಪ್ಪ ಬೈಕಿನಲ್ಲಿ ಬಂದು ಕಾಯಬೇಕು. ಎರಡು ದಿನ ಕಾಯುತ್ತಾರೆ, ಮೂರನೆಯ ದಿನ ನಾಟಕವೂ ಬೇಡ, ಏನೂ ಬೇಡ ಎನ್ನುತ್ತಾರೆ. ನಮ್ಮ ಕಾಲೇಜುಗಳ ನಾಟಕ, ಚರ್ಚಾಸ್ಪರ್ಧೆ, ಸಂಗೀತ, ಕೊನೆಗೆ ಸಂಜೆಯ ವಾಲಿಬಾಲ್‌ವರೆಗೆ ಎಲ್ಲದರಲ್ಲೂ ನಗರದ ಮಕ್ಕಳೇ ಮುಂದಿರುವುದಕ್ಕೆ ಪ್ರತಿಭೆ ಕಾರಣವಲ್ಲ, ಬಸ್ಸಿನ ವೇಳಾಪಟ್ಟಿ ಕಾರಣ. ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದರೂ ದಣಿಯುವುದಿಲ್ಲ.

ಪರಿಹಾರ ಬಂದದ್ದು ಹಣದಿಂದಲ್ಲ. ಕುವೆಂಪುನಗರದಲ್ಲಿ ಮನೆಯಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಮಹಡಿಯ ಎರಡು ಕೋಣೆಗಳು ಖಾಲಿ ಇವೆ, ತಾಲೀಮಿನ ಕೊನೆಯ ವಾರ ಹುಡುಗಿಯರು ನಮ್ಮಲ್ಲೇ ಇರಲಿ ಎಂದರು. ಹೆತ್ತವರ ಜೊತೆ ಫೋನಿನಲ್ಲಿ ತಾವೇ ಮಾತನಾಡಿದರು. ಸಂಘದ ಲೆಕ್ಕಕ್ಕೆ ಬಂದದ್ದು ರಾತ್ರಿಯ ಆಟೊ ಖರ್ಚು, ಅಷ್ಟೆ. ಊಟದ ಖರ್ಚನ್ನು ಕೊಡುತ್ತೇವೆ ಎಂದರೆ ಆಕೆ ನನ್ನನ್ನು ಬೈದುಬಿಟ್ಟರು. ನಾಟಕಕ್ಕೆ ಬಹುಮಾನ ಬರಲಿಲ್ಲ. ಹಣ ಕೊಡುವುದನ್ನು ವಿರೋಧಿಸಿದ್ದ ಹಿರಿಯರು ಮಾತ್ರ ಕಿರುರಂಗಮಂದಿರದ ಮೊದಲ ಸಾಲಿನಲ್ಲಿ ಕುಳಿತು, ನಾಯಕಿಯ ಸಂಭಾಷಣೆ ಸ್ವಲ್ಪ ವೇಗವಾಯಿತು ಎಂದು ವಿಮರ್ಶೆಯನ್ನೂ ಮಾಡಿದರು.

ಕ್ರೀಡೆಯ ಕಥೆ ಇನ್ನೊಂದು ಬಗೆ. ಮಂಡ್ಯ ಜಿಲ್ಲೆಯ ಹುಡುಗರು ಕಬಡ್ಡಿಯನ್ನು ಮಣ್ಣಿನಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದವರು. ಈಗಿನ ದೊಡ್ಡ ಪಂದ್ಯಗಳು ಮ್ಯಾಟ್ ಮೇಲೆ ನಡೆಯುತ್ತವೆ. ಅದಕ್ಕೆ ಶೂ ಬೇಕು, ಅದಕ್ಕಿಂತ ಮುಖ್ಯವಾಗಿ ಶೂ ಹಾಕಿಕೊಂಡು ಆಡಿ ಅಭ್ಯಾಸ ಬೇಕು. ಪಂದ್ಯದ ಹಿಂದಿನ ವಾರ ಶೂ ಕೊಡಿಸಿದರೆ ಕಾಲಿನ ಹಿಡಿತವೇ ಬದಲಾಗಿ ಮಂಡಿ ತಿರುಚುತ್ತದೆ. ಆಮೇಲೆ ಎಂಆರ್‌ಐ ಖರ್ಚು ಯಾರದು ಎಂಬ ಪ್ರಶ್ನೆ. ಹಾಗಾಗಿ ಇಲ್ಲೂ ಬೇಗ ಕೊಡುವುದೇ ಕೊಡುವುದು. ಇನ್ನು ಪ್ರಯಾಣ ಭತ್ಯೆ. ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಯಿಂದ ಖರ್ಚು ಮಾಡಿ, ಟಿಕೆಟ್ಟು ಬಿಲ್ಲು ಅಂಟಿಸಿ ಕೊಟ್ಟು, ಲೆಕ್ಕಪತ್ರ ವಿಭಾಗದಿಂದ ಆಮೇಲೆ ಪಡೆಯಬೇಕು. ಕೈಯಲ್ಲಿ ಇದ್ದವನಿಗೆ ಇದು ಬರೀ ತಡ, ಇಲ್ಲದವನಿಗೆ ಅದು ತಂಡದಿಂದಲೇ ಹೊರಗುಳಿಯುವ ದಾರಿ. ನಮ್ಮ ನಿಧಿಯ ಒಂದು ಪಾಲನ್ನು ಮುಂಗಡಕ್ಕೆಂದೇ ಬೇರೆ ಇಟ್ಟಿದ್ದೇವೆ. ತಂಡ ಹೊರಡುವ ಮೊದಲು ಹಣ ಕೊಡುತ್ತೇವೆ. ಬಿಲ್ಲು ಪಾಸಾದ ಮೇಲೆ ಅದು ವಾಪಸು ಬರುತ್ತದೆ. ಅದೇ ಹಣ ಮುಂದಿನ ತಂಡಕ್ಕೆ. ಖರ್ಚಾಗದೆ ಕೆಲಸ ಮಾಡುವ ಹಣ ಇದು. ದಾನಿಗಳಿಗೆ ಇದನ್ನು ವಿವರಿಸುವುದು ಕಷ್ಟ, ಏಕೆಂದರೆ ವರ್ಷದ ಕೊನೆಗೆ ತೋರಿಸಲು ಏನೂ ಇರುವುದಿಲ್ಲ, ಹಣ ಇದ್ದಲ್ಲೇ ಇರುತ್ತದೆ.

ಎಲ್ಲಿಗೆ ಕೊಡಬಾರದು ಎಂಬುದರಲ್ಲೂ ನನಗೆ ಗಟ್ಟಿ ಅಭಿಪ್ರಾಯವಿದೆ. ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳು ಪಿಂಚಣಿ ಕೊಡಲು ಪರದಾಡುತ್ತಿವೆ. ಕಾಯಂ ಅಧ್ಯಾಪಕರ ಜಾಗದಲ್ಲಿ ಅತಿಥಿ ಉಪನ್ಯಾಸಕರು ವರ್ಷಗಟ್ಟಲೆ ದುಡಿಯುತ್ತಿದ್ದಾರೆ. ಶೌಚಾಲಯಕ್ಕೆ, ಸೋರುವ ಛಾವಣಿಗೆ, ಪ್ರಯೋಗಾಲಯದ ರಾಸಾಯನಿಕಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಕೇಳುವ ಅಭ್ಯಾಸ ಬೆಳೆಯುತ್ತಿದೆ. ಒಮ್ಮೆ ನಾವು ಅಲ್ಲಿ ಕೈ ಹಾಕಿದರೆ ಮುಂದಿನ ವರ್ಷದ ಅಂದಾಜಿನಿಂದ ಆ ಬಾಬ್ತೇ ಮಾಯವಾಗುತ್ತದೆ. ಕಟ್ಟಡವನ್ನೂ ಪಾಠವನ್ನೂ ಕೊಡುವುದು ತೆರಿಗೆ ವಸೂಲು ಮಾಡುವವರ ಕೆಲಸ. ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳು ಮನವಿ ಪತ್ರ ಹಿಡಿದು ಹೋಗಬಹುದು, ಪತ್ರಿಕೆಗೆ ಬರೆಯಬಹುದು, ರಸೀದಿ ಪುಸ್ತಕ ಹಿಡಿದು ಹೋಗಬಾರದು.

ಕೊಡುವ ರೀತಿಯ ಬಗ್ಗೆಯೂ ಒಂದು ಮಾತು. ಒಂದು ಲಕೋಟೆಯನ್ನು ಎಂಟು ಕೈಗಳು ಹಿಡಿದುಕೊಂಡು, ನಡುವೆ ವಿದ್ಯಾರ್ಥಿ ತಲೆ ತಗ್ಗಿಸಿ ನಿಂತಿರುವ ಫೋಟೊ ನಿಮಗೂ ಗೊತ್ತು. ಆ ಲಕೋಟೆಯೊಳಗಿನ ಹಣಕ್ಕಿಂತ ಹಿಂದಿನ ಫ್ಲೆಕ್ಸಿನ ಬೆಲೆ ಹೆಚ್ಚಿರುವುದೂ ಉಂಟು. ನಮ್ಮಲ್ಲಿ ವೇದಿಕೆ ಇಲ್ಲ. ವಿಭಾಗದ ಅಧ್ಯಾಪಕರು ಒಂದು ಸಾಲು ಬರೆದು ಕಳಿಸಿದರೆ ಸಾಕು, ಹಣ ನೇರವಾಗಿ ಶುಲ್ಕದ ಚಲನ್‌ಗೆ ಅಥವಾ ಪ್ರವಾಸದ ಖಾತೆಗೆ ಹೋಗುತ್ತದೆ. ಯಾವ ವಿದ್ಯಾರ್ಥಿಗೆ ಕೊಟ್ಟೆವೆಂದು ಸಮಿತಿಯ ಮೂವರಿಗೆ ಬಿಟ್ಟರೆ ಉಳಿದ ಸದಸ್ಯರಿಗೂ ತಿಳಿಯುವುದಿಲ್ಲ. ಇದರಿಂದ ಮೋಸ ಹೋಗುವುದಿಲ್ಲವೇ ಎಂದರೆ, ಹೋಗಬಹುದು. ಬ್ಯಾಂಕಿನಲ್ಲಿ ಅಷ್ಟು ವರ್ಷ ಕಳೆದವಳಾಗಿ ಹೇಳುತ್ತೇನೆ, ಪರೀಕ್ಷಾ ಶುಲ್ಕಕ್ಕಾಗಿ ಸುಳ್ಳು ಹೇಳಿ ಯಾರೂ ಮಹಡಿ ಮನೆ ಕಟ್ಟಿಸಿಲ್ಲ.

ಕಾನೂನಿನ ವಿಷಯ ಒಣ ವಿಷಯ, ಆದರೂ ಸಂಘ ಕಟ್ಟುವವರಿಗೆ ಬೇಕಾಗುತ್ತದೆ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮೌಲ್ಯಮಾಪನದ ಐದನೆಯ ಮಾನದಂಡದಲ್ಲಿ ನೋಂದಾಯಿತ ಹಳೆಯ ವಿದ್ಯಾರ್ಥಿ ಸಂಘ ಇದೆಯೇ, ಅದು ಎಷ್ಟು ಕೊಟ್ಟಿದೆ ಎಂಬ ಪ್ರಶ್ನೆಗಳು ಬಂದ ಮೇಲೆ, ಮೌಲ್ಯಮಾಪನದ ವರ್ಷವೇ ಎಷ್ಟೋ ಕಾಲೇಜುಗಳಿಗೆ ತಮ್ಮ ಹಳೆಯ ವಿದ್ಯಾರ್ಥಿಗಳ ನೆನಪಾಗುತ್ತದೆ. ನೆನಪಾದಾಗ ಹೋಗಿ, ಆದರೆ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ. ದೇಣಿಗೆ ಕೊಟ್ಟವರಿಗೆ ಸಿಗುವ, 80ಜಿ ಎಂದೇ ಹೆಸರಾದ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ, ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದೂ ಇಲ್ಲ. ಸಂಬಳದವರಲ್ಲಿ ಹಲವರು ಹೊಸ ಪದ್ಧತಿಗೆ ಹೋಗಿದ್ದಾರೆ. ತೆರಿಗೆ ಉಳಿಯುತ್ತದೆ ಎಂಬ ಆಸೆ ತೋರಿಸಿ ದೇಣಿಗೆ ಕೇಳುವ ಕಾಲ ಮುಗಿಯುತ್ತಾ ಬಂತು ಎನ್ನಬೇಕು.

ವಿದೇಶದ ಹಣ ಇನ್ನೂ ಕಗ್ಗಂಟು. ನಮ್ಮ ಬ್ಯಾಚಿನವನೊಬ್ಬ ಅಮೆರಿಕದಲ್ಲಿ ಸಂಖ್ಯಾಶಾಸ್ತ್ರಜ್ಞ. ಸಂಘದ ಸುದ್ದಿ ತಿಳಿದ ದಿನವೇ ಫೋನು ಮಾಡಿ ದೊಡ್ಡ ಮೊತ್ತ ಹೇಳಿದ. ನಾನು ಮೊದಲು ಕೇಳಿದ್ದು ಅವನ ಪಾಸ್‌ಪೋರ್ಟ್ ಯಾವುದೆಂದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಎಲ್ಲೇ ಇರಲಿ, ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆ ದೇಶದ ಪೌರನಾಗಿಬಿಟ್ಟಿದ್ದರೆ ಮೂಲ ಮೈಸೂರೇ ಆಗಿರಲಿ, ಅವನು ಕೊಡುವುದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊಟದ ಉಳಿಕೆಯಲ್ಲಿ ಹುಟ್ಟಿದ ನಮ್ಮ ಸಂಘಕ್ಕೆ ಅದು ಆಗುವ ಮಾತಲ್ಲ. ಅವನಿಗೆ ಬಹಳ ಬೇಸರವಾಯಿತು. “ಒಂಟಿಕೊಪ್ಪಲಿನಲ್ಲಿ ಹುಟ್ಟಿದವನ ದುಡ್ಡು ವಿದೇಶಿ ದುಡ್ಡೇನೇ?” ಎಂದು ಕೇಳಿದ. ಕಾನೂನು ಹಾಗೆ ಹೇಳುತ್ತದೆ ಕಣಪ್ಪ ಎಂದೆ.

ಹಣ ಬೇಡವಾದರೆ ಪಾಠ ಮಾಡುತ್ತೇನೆ ಎಂದ. ನಮ್ಮ ಶನಿವಾರದ ಬೆಳಗ್ಗೆ, ಅವನ ಶುಕ್ರವಾರದ ರಾತ್ರಿ, ಅರ್ಥಶಾಸ್ತ್ರ ಮತ್ತು ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಆನ್‌ಲೈನ್ ತರಗತಿ. ಮೈಸೂರಿನ ಮಳೆಯ ಲೆಕ್ಕ, ಮಂಡ್ಯದ ಕಬ್ಬಿನ ಇಳುವರಿಯ ಲೆಕ್ಕ, ಅವನ ಉದಾಹರಣೆಗಳೆಲ್ಲ ಇಲ್ಲಿಯವೇ. ಹುಡುಗರಿಗೆ ಪಾಠ ಇಷ್ಟವಾಗಿದೆ. ಆದರೆ ಒಂದು ಗಂಟೆ ಎಂದು ಶುರುಮಾಡಿ ಎರಡು ಗಂಟೆಗೂ ಬಿಡುವುದಿಲ್ಲ, ತಿಂಡಿಗೆ ಮೆಸ್ ಮುಚ್ಚಿಹೋಗುತ್ತದೆ, ದಯವಿಟ್ಟು ಅರ್ಧ ಗಂಟೆಯಾದರೂ ಕಡಿಮೆ ಮಾಡಿಸಿ ಎಂದು ಸಹಿ ಹಾಕಿದ ಅರ್ಜಿಯೊಂದು ನನ್ನ ಕೈ ಸೇರಿದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಮೊದಲನೆಯ ವಿಷಯವಾಗಿ ಹಾಕಿದ್ದೇನೆ.